ನಾಗಮಂಡಲದ ಪಂಚವರ್ಣ, ನಾಗಬನದ ಹಸಿರು

ಶ್ರೀಹರಿಗೆ ಶಯ್ಯಾರೂಪದಿಂದ ಸೇವೆ ಸಲ್ಲಿಸುವ ಶೇಷದೇವರು ಮಾಧ್ವರಿಗೆ ನಿತ್ಯಸ್ಮರಣೀಯರು. ಶ್ರೀಮದಾಚಾರ್ಯರು ಅವತರಿಸಿದ ತುಳುನಾಡಿನಲ್ಲಿ ನಾಗಾರಾಧನೆಯು ಬಹು ಪ್ರಾಚೀನವಾದುದು. ಆಚಾರ್ಯರ ಪೂರ್ವಾಶ್ರಮದ ಸಹೋದರರಾದ ಶ್ರೀವಿಷ್ಣುತೀರ್ಥರ ಪರಂಪರೆಯ ಮಠವು ನಾಗಕ್ಷೇತ್ರವಾದ ಕುಕ್ಕೆ ಸುಬ್ರಹ್ಮಣ್ಯದಲ್ಲಿದೆ. ಆ ಕ್ಷೇತ್ರದಲ್ಲಿ ಹುತ್ತದ ಮೃತ್ತಿಕೆಯೇ ಪ್ರಸಾದವೆಂಬುದು ಭಕ್ತರೆಲ್ಲರಿಗೂ ತಿಳಿದ ವಿಷಯ.

ತುಳುನಾಡಿನ ಕುಟುಂಬಗಳಿಗೆ ಮೂಲಸ್ಥಾನದಲ್ಲಿ ಒಂದು ನಾಗಬನವಿರುವುದು ರೂಢಿ. ಸುರಗಿ, ರೆಂಜ, ಹಾಳೆ ಮೊದಲಾದ ಮರಗಳೂ ಬಳ್ಳಿಗಳೂ ದಟ್ಟವಾಗಿ ಹೆಣೆದುಕೊಂಡ ಎಡೆಯಲ್ಲಿ ನಾಗಶಿಲೆಗಳು. ಅಲ್ಲಿ ಕತ್ತಿ ತಾಗಿಸಬಾರದು, ಕಟ್ಟಿಗೆ ತರಬಾರದು ಎಂಬುದು ಹಿರಿಯರ ಕಟ್ಟಳೆ. ಇದರ ಫಲವನ್ನು ಊರೆಲ್ಲ ಉಂಡಿತು. ಉದುರಿದ ಎಲೆ ಅಲ್ಲಿಯೇ ಕೊಳೆತು ಮಣ್ಣಾಯಿತು. ಆ ಮಣ್ಣು ಮಳೆನೀರನ್ನು ಹಿಡಿದಿಟ್ಟು ಮೆಲ್ಲನೆ ನೆಲದೊಳಕ್ಕೆ ಇಳಿಸಿತು. ಬನದಲ್ಲಿ ಆಶ್ರಯ ಪಡೆದ ಹಾವುಗಳು ಗದ್ದೆಯ ಇಲಿಗಳನ್ನು ಹತೋಟಿಯಲ್ಲಿಟ್ಟವು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದುದು 1972ರಲ್ಲಿ. ನಾಗನನ್ನು ಕೊಲ್ಲಬಾರದೆಂಬ ಧರ್ಮಭೀರುತ್ವವಾದರೋ ಅದಕ್ಕಿಂತ ಎಷ್ಟೋ ಹಿಂದಿನದು.

ಈ ಅರಿವನ್ನು ಕಣ್ಣಿಗೆ ಕಟ್ಟುವಂತೆ ಉಳಿಸಿಕೊಂಡು ಬಂದ ಕಲೆಯೇ ನಾಗಮಂಡಲ. ವೈದ್ಯರೆಂದು ಕರೆಯಲ್ಪಡುವ ಕಲಾವಿದರು ಹೆಡೆಯೆತ್ತಿದ ನಾಗನ ಸುರುಳಿಗಳನ್ನು ನೆಲದ ಮೇಲೆ ಬರೆಯುತ್ತಾರೆ. ಪೂರ್ಣಮಂಡಲಕ್ಕೆ 16, ಅರ್ಧಮಂಡಲಕ್ಕೆ 8, ಕಾಲುಮಂಡಲಕ್ಕೆ 4 ಪವಿತ್ರಗಂಟುಗಳು. ಬಣ್ಣಗಳು ಐದು. ಬಿಳಿಗೆ ಅಕ್ಕಿಹಿಟ್ಟು ಅಥವಾ ಬಿಳಿಮಣ್ಣು, ಹಳದಿಗೆ ಅರಸಿನ, ಕೆಂಪಿಗೆ ಅರಸಿನ ಮತ್ತು ಸುಣ್ಣದ ಮಿಶ್ರಣ, ಹಸಿರಿಗೆ ಒಣಗಿಸಿ ಪುಡಿಮಾಡಿದ ಸೊಪ್ಪು, ಕಪ್ಪಿಗೆ ಸುಟ್ಟ ಭತ್ತದ ಹೊಟ್ಟು. ನಾಗಪಾತ್ರಿಯ ಕೈಯಲ್ಲಿ ಅಡಿಕೆಯ ಹಿಂಗಾರ. ಗದ್ದೆ, ತೋಟ, ಬನಗಳು ಒದಗಿಸಿದ್ದೇ ಇಲ್ಲಿ ದೇವರ ರೂಪವನ್ನು ತಾಳುತ್ತದೆ. ಡಕ್ಕೆಯ ನಾದಕ್ಕೆ ಇರುಳೆಲ್ಲ ನರ್ತನ ಸಾಗಿ, ಸೇವೆ ಮುಗಿಯುವಾಗ ಚಿತ್ರವು ಅಳಿಸಿಹೋಗುತ್ತದೆ. ಉಳಿಯುವುದು ಚಿತ್ರವಲ್ಲ, ಯಾವ ಸೊಪ್ಪು, ಯಾವ ಮಣ್ಣು, ಯಾವ ಹೂವು ಎಂಬ ತಿಳಿವಳಿಕೆ.

ಎರಡು ವರ್ಷಗಳಿಗೊಮ್ಮೆ ಡಕ್ಕೆಬಲಿ ನಡೆಯುವ ಪಡುಬಿದ್ರಿಯ ಬ್ರಹ್ಮಸ್ಥಾನವು ಈ ದೃಷ್ಟಿಯಿಂದ ಆದರ್ಶಪ್ರಾಯವಾಗಿದೆ. ಅಲ್ಲಿ ಗುಡಿಯಿಲ್ಲ, ಗೋಪುರವಿಲ್ಲ; ವೃಕ್ಷಗಳ ನೆರಳೇ ಛಾವಣಿ, ಮರಳೇ ಹಾಸು.

ಆದರೆ ಇತ್ತೀಚಿನ ದಶಕಗಳಲ್ಲಿ ಅನೇಕ ಬನಗಳು ಜೀರ್ಣೋದ್ಧಾರದ ಹೆಸರಿನಲ್ಲಿ ಮರ ಕಳೆದುಕೊಂಡು ಸಿಮೆಂಟಿನ ಕಟ್ಟೆಗಳಾಗಿವೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕುಟುಂಬಗಳು ಭಕ್ತಿಯಿಂದ ಕಳುಹಿಸಿದ ಧನವೂ ಕೆಲವೆಡೆ ಇದಕ್ಕೆ ವಿನಿಯೋಗವಾಗಿದೆ. ಭಾವನೆ ಶುದ್ಧವಾದುದೇ ಸರಿ. ಆದರೆ ಹುತ್ತವೇಳದ, ಎಲೆಯುದುರದ ನೆಲದಲ್ಲಿ ನಾಗನಿಗೆ ನೆಲೆಯೆಲ್ಲಿ? ಬನವಳಿದ ಮೇಲೆ ಮಂಡಲದ ಹಸಿರು ಬರಿಯ ಬಣ್ಣವಾಗಿ ಉಳಿದೀತು.

ತಂಬಿಲಕ್ಕೋ ಆಶ್ಲೇಷಾಬಲಿಗೋ ಊರಿಗೆ ಹೋಗುವ ಕುಟುಂಬವು ಬನದಲ್ಲಿ ಒಂದು ಸಸಿ ನೆಟ್ಟು, ಇದ್ದ ಮರವನ್ನು ಉಳಿಸಿಕೊಂಡರೆ ಅದೂ ಶೇಷಾಂತರ್ಗತ ಶ್ರೀಹರಿಯ ಪೂಜೆಯೇ ಆಗುವುದು.

ಶ್ರೀಕೃಷ್ಣಾರ್ಪಣಮಸ್ತು.