ಮಾಯಾಲೋಕಕ್ಕೆ ಬಂದ ಹೊಸ ನಿರ್ದೇಶಕ

ಒಂದೇ ಕಥೆ ಹಲವು ಚಲನಚಿತ್ರಗಳಾಗಿ ಮುಂದುವರಿಯುತ್ತಿರುವಾಗ ನಡುವೆ ನಿರ್ದೇಶಕ ಬದಲಾದರೆ ಏನಾಗುತ್ತದೆ? ನಟರು ಅವರೇ, ಕಥೆಯ ಲೋಕವೂ ಅದೇ. ನೋಡುವ ಕಣ್ಣು ಬೇರೆಯಾದ ಮಾತ್ರಕ್ಕೆ ಆ ಲೋಕವೂ ಬೇರೆಯಾದೀತೆ? ಈ ಪ್ರಶ್ನೆಗೆ ಹ್ಯಾರಿ ಪಾಟರ್ ಚಿತ್ರಮಾಲೆಯಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಜೆ. ಕೆ. ರೌಲಿಂಗ್ ಅವರ ಏಳು ಕಾದಂಬರಿಗಳನ್ನು ಆಧರಿಸಿ 2001ರಿಂದ 2011ರವರೆಗೆ ಎಂಟು ಚಿತ್ರಗಳು ತೆರೆ ಕಂಡವು. ಮೊದಲ ಎರಡನ್ನು ನಿರ್ದೇಶಿಸಿದವರು ಅಮೆರಿಕದ ಕ್ರಿಸ್ ಕೊಲಂಬಸ್. ಓದುಗರ ಕಲ್ಪನೆಯಲ್ಲಿ ಮಾತ್ರವಿದ್ದ ಮಾಂತ್ರಿಕ ಶಾಲೆಯನ್ನು ಕಣ್ಣಿಗೆ ಕಾಣುವಂತೆ ಕಟ್ಟುವುದು, ಎಳೆಯ ಮಕ್ಕಳನ್ನು ನಟನೆಗೆ ಒಗ್ಗಿಸುವುದು ಸಾಮಾನ್ಯ ಕೆಲಸವಲ್ಲ. ಅವರು ಅದನ್ನು ಶ್ರದ್ಧೆಯಿಂದ ಮಾಡಿದರು. ಆದರೆ ಆ ಶ್ರದ್ಧೆಯೇ ಮಿತಿಯೂ ಆಯಿತು. ಪುಸ್ತಕದ ಒಂದು ಪುಟವೂ ತಪ್ಪಬಾರದೆಂಬ ಎಚ್ಚರದಲ್ಲಿ 2002ರ ಎರಡನೆಯ ಚಿತ್ರ ಎರಡು ಗಂಟೆ ನಲವತ್ತು ನಿಮಿಷಗಳಷ್ಟು ಬೆಳೆಯಿತು.

ಮೂರನೆಯ ಚಿತ್ರಕ್ಕೆ ಬಂದವರು ಮೆಕ್ಸಿಕೋದ ಆಲ್ಫೋನ್ಸೋ ಕ್ವಾರೋನ್. 1995ರಲ್ಲಿ ಮಕ್ಕಳ ಕಥೆಯೊಂದನ್ನು ಚಿತ್ರವಾಗಿಸಿದ್ದ ಅವರೇ, 2001ರಲ್ಲಿ ಹದಿಹರೆಯದ ಇಬ್ಬರ ಪಯಣವನ್ನು ವಯಸ್ಕರಿಗೆ ಮಾತ್ರ ತಕ್ಕ ರೀತಿಯಲ್ಲಿ ಚಿತ್ರಿಸಿದ್ದರು. ಹ್ಯಾರಿಗೆ ಈಗ ಹದಿಮೂರು ವರ್ಷ. ಬಾಲ್ಯ ಕಳೆದು ಹರೆಯ ಇಣುಕುವ ಈ ಹೊತ್ತಿಗೆ ಬೇಕಾಗಿದ್ದುದು ಇಂಥದೇ ಕಣ್ಣು.

ಅವರು ಹಳೆಯದನ್ನು ಕೆಡವಲಿಲ್ಲ. ಚಿತ್ರಕಥೆ ಬರೆದ ಸ್ಟೀವ್ ಕ್ಲೋವ್ಸ್, ರಂಗಸಜ್ಜಿಕೆಯ ಸ್ಟುವರ್ಟ್ ಕ್ರೇಗ್, ಸಂಗೀತದ ಜಾನ್ ವಿಲಿಯಮ್ಸ್ ಮೂವರೂ ಮುಂದುವರಿದರು. ಬದಲಾದದ್ದು ನೋಟ. ಶಾಲೆ ಸ್ಕಾಟ್ಲೆಂಡಿನ ಗ್ಲೆನ್‌ಕೋ ಕಣಿವೆಯ ಮಳೆ ಮಂಜುಗಳಿಗೆ ತೆರೆದುಕೊಂಡಿತು. ಮಕ್ಕಳು ನಿಲುವಂಗಿ ಕಳಚಿ ದಿನಬಳಕೆಯ ಉಡುಪಿನಲ್ಲಿ ಓಡಾಡಿದರು. ಕಥೆಯ ತಿರುಳೇ ಕಾಲವಾದುದರಿಂದ ದೊಡ್ಡ ಗಡಿಯಾರದ ಲೋಲಕವೊಂದು ಶಾಲೆಯಲ್ಲಿ ತೂಗಾಡತೊಡಗಿತು.

ಕ್ವಾರೋನರು ಮೂವರು ಎಳೆಯ ನಟರಿಗೆ ತಮ್ಮ ತಮ್ಮ ಪಾತ್ರವನ್ನು ಕುರಿತು ಪ್ರಬಂಧ ಬರೆದು ತರಲು ಹೇಳಿದರಂತೆ. ಎಮ್ಮಾ ವಾಟ್ಸನ್ ಪುಟಗಟ್ಟಲೆ ಬರೆದರು. ಡೇನಿಯಲ್ ರ್‍ಯಾಡ್‌ಕ್ಲಿಫ್ ಒಂದು ಪುಟ ಬರೆದರು. ರೂಪರ್ಟ್ ಗ್ರಿಂಟ್ ಬರೆಯಲೇ ಇಲ್ಲ. ಓದಿನ ಹುಚ್ಚಿನ ಹರ್ಮಾಯನಿ, ಪಾಠವೆಂದರೆ ಮೈಗಳ್ಳನಾಗುವ ರಾನ್ ಮಾಡುತ್ತಿದ್ದುದೂ ಇದನ್ನೇ ಅಲ್ಲವೆ? ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದ ಮಕ್ಕಳು ತಾವೇ ಯೋಚಿಸುವ ನಟರಾದದ್ದು ಇಲ್ಲಿಂದ ಎಂದು ನನ್ನ ನಂಬಿಕೆ.

ಇದಕ್ಕೆ ತೆತ್ತ ಬೆಲೆಯೂ ಉಂಟು. ಹ್ಯಾರಿಯ ಕೈಗೆ ಬರುವ ಮಾಯಾನಕ್ಷೆಯನ್ನು ರಚಿಸಿದವರು ಯಾರೆಂಬುದನ್ನು ಕಾದಂಬರಿ ತಿಳಿಸುತ್ತದೆ, ಚಿತ್ರ ತಿಳಿಸುವುದಿಲ್ಲ. ಆ ನಾಲ್ವರಲ್ಲಿ ಒಬ್ಬನು ಹ್ಯಾರಿಯ ತಂದೆ. ತಬ್ಬಲಿ ಹುಡುಗನಿಗೆ ತಂದೆಯ ಕೈಬರಹವೇ ದೊರೆತಂತಹ ಈ ಸಂಗತಿ ಬಿಟ್ಟುಹೋದುದಕ್ಕೆ ಓದುಗರು ನೊಂದದ್ದು ನ್ಯಾಯವೇ. ಎಂಟು ಚಿತ್ರಗಳ ಪೈಕಿ ಗಳಿಕೆಯಲ್ಲಿ ಕಡೆಯ ಸ್ಥಾನವೂ 2004ರ ಈ ಚಿತ್ರದ್ದೇ.

ಆದರೂ ನಾನು ಇದರ ಪಕ್ಷವನ್ನೇ ವಹಿಸುತ್ತೇನೆ. ಕೊಲಂಬಸ್ ಪುಸ್ತಕದ ಅಕ್ಷರಕ್ಕೆ ನಿಷ್ಠರಾದರು, ಕ್ವಾರೋನ್ ಅದರ ನಾಯಕನ ವಯಸ್ಸಿಗೆ. ಕ್ವಾರೋನ್ ಈ ಮಾಲೆಗೆ ಮರಳಲಿಲ್ಲ. ಆದರೆ 2005ರಲ್ಲಿ ಬಂದ ಮೈಕ್ ನ್ಯೂವೆಲ್ ಆಗಲಿ, 2007ರಿಂದ ಕೊನೆಯವರೆಗೆ ನಿರ್ದೇಶಿಸಿದ ಡೇವಿಡ್ ಯೇಟ್ಸ್ ಆಗಲಿ, ಮೊದಲಿನ ಹೊಂಬೆಳಕಿಗೆ ಹಿಂದಿರುಗಲಿಲ್ಲ. ಮಕ್ಕಳು ಬೆಳೆದಿದ್ದರು, ಅವರೊಡನೆ ಬೆಳೆಯಲು ಚಿತ್ರಮಾಲೆಯೂ ಕಲಿತಿತ್ತು.