ಕಾರಿಗೆ ಕುದುರೆ ಕಟ್ಟಿದ ಕಾಲ

ಅಂತಾರಾಷ್ಟ್ರೀಯ ಚಾಲನಾ ಪರವಾನಿಗೆ ಕಿಸೆಯಲ್ಲಿಟ್ಟುಕೊಂಡು ಯುರೋಪಿಗೆ ಹೊರಡುವವರಲ್ಲಿ ಅನೇಕರ ಕಣ್ಣು ಸ್ವಿಟ್ಸರ್ಲೆಂಡಿನ ಬೆಟ್ಟದ ದಾರಿಗಳ ಮೇಲಿರುತ್ತದೆ. ಅಲ್ಲಿನ ಯೂಲಿಯರ್, ಬರ್ನಿನಾ ಘಾಟಿಗಳ ಚೆಲುವು ಹೆಸರುವಾಸಿ. ಆದರೆ ಈ ಘಾಟಿಗಳಿರುವ ಗ್ರೌಬ್ಯುಂಡನ್ ಪ್ರಾಂತ್ಯದಲ್ಲಿ 1900ರಿಂದ 1925ರ ತನಕ ಕಾರಿಗೇ ನಿಷೇಧವಿತ್ತು!

ಹಳ್ಳಿಗರ ಮೌಢ್ಯವೆಂದು ಇದನ್ನು ತಳ್ಳಿಹಾಕುವುದು ಸುಲಭ. ಅವರ ಲೆಕ್ಕವೇ ಬೇರೆ ಇತ್ತು. ದಾರಿ ಕಿರಿದು, ಮುಖಕ್ಕೆ ರಾಚುವ ಧೂಳು, ಬೆದರಿ ಓಡುವ ಕುದುರೆ-ದನಗಳು. ಕುದುರೆಗಾಡಿಯನ್ನೇ ನಂಬಿ ಬದುಕುವ ಕುಟುಂಬಗಳಿದ್ದವು. ಪ್ರಾಂತ್ಯವು ಹಣ ಹೂಡಿದ್ದ ರೇತಿಯನ್ ರೈಲಿಗೆ ನಷ್ಟವಾದೀತೆಂಬ ಭಯವೂ ಇತ್ತು. ಕಾರಾದರೋ ರಜೆ ಕಳೆಯಲು ಬರುವ ಸಿರಿವಂತರದು. ರಸ್ತೆ ದುರಸ್ತಿಯ ಹೊರೆ ಊರಿನವರದು. ಗಡಿ ತಲುಪಿದ ಕಾರಿನ ಯಂತ್ರ ನಿಲ್ಲಿಸಿ, ಮುಂದೆ ಕುದುರೆ ಕಟ್ಟಿ ಎಳೆಸಿಕೊಂಡು ಹೋಗಬೇಕಿತ್ತು.

ಪ್ರವಾಸೋದ್ಯಮ ಬೆಳೆಯಿತು, ಒತ್ತಡವೂ ಬೆಳೆಯಿತು. ಸಣ್ಣಪುಟ್ಟ ವಿನಾಯಿತಿಗಳು ಸಿಕ್ಕವು. 1907ರಿಂದ ಈ ಪ್ರಶ್ನೆ ಹತ್ತು ಬಾರಿ ಜನಮತಕ್ಕೆ ಬಂತು. ಕೊನೆಗೆ 1925ರ ಜೂನ್‌ನಲ್ಲಿ ಅಲ್ಪ ಬಹುಮತದಿಂದ ರಸ್ತೆ ಕಾರಿಗೆ ತೆರೆಯಿತು. ಜನರನ್ನು ಕೇಳದೆ ರಸ್ತೆ ಅಗಲಿಸುವ ಆಡಳಿತಗಳು ಈ ಕತೆಯನ್ನೊಮ್ಮೆ ಓದಬೇಕು. ಹಾಗೆಂದು ಆ 'ಜನ'ರಲ್ಲಿ ಹೆಂಗಸರಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ದಾರಿಯ ಧೂಳು ಅವರ ಮನೆಯೊಳಗೂ ಬರುತ್ತಿತ್ತು; ಆದರೆ ಸ್ವಿಸ್ ಮಹಿಳೆಯರಿಗೆ ರಾಷ್ಟ್ರಮಟ್ಟದ ಮತಾಧಿಕಾರ ಸಿಕ್ಕಿದ್ದೇ 1971ರಲ್ಲಿ.

ಗ್ರೌಬ್ಯುಂಡನ್ ಬಾಗಿಲು ತೆರೆದ ಮರುವರ್ಷ, 1926ರ ಏಪ್ರಿಲ್‌ನಲ್ಲಿ, ಪ್ಯಾರಿಸ್ ಒಪ್ಪಂದವು ಅಂತಾರಾಷ್ಟ್ರೀಯ ಚಾಲನಾ ಪರವಾನಿಗೆಯನ್ನು ಜಾರಿಗೆ ತರಲು ನಿರ್ಧರಿಸಿತು.