ಕಾವೇರಿಗೆ ಹೋದ ಕೃಷ್ಣೆಯ ಮೀನು

ನಾನು ಕೃಷ್ಣೆಯ ದಂಡೆಯವನು. ನಮ್ಮ ಹೊಳೆ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಯ ಹೊಲಗಳಿಗೆ ನೀರುಣಿಸುತ್ತ, ಯಡೂರಿನ ಹತ್ತಿರ ದೂಧಗಂಗೆಯನ್ನು ಕೂಡಿಸಿಕೊಂಡು ಪೂರ್ವಕ್ಕೆ ಹರಿಯುತ್ತದೆ. ನಿಪ್ಪಾಣಿ ಕಡೆಯ ವೇದಗಂಗೆಯೂ ದೂಧಗಂಗೆಯ ಮೂಲಕ ಇದಕ್ಕೇ ಬಂದು ಸೇರುತ್ತದೆ. ಇದರ ಒಂದು ಹನಿಯೂ ಕಾವೇರಿಗೆ ಹೋಗುವುದಿಲ್ಲ. ಆದರೆ ಕೃಷ್ಣಾ ಕೊಳ್ಳದ ಒಂದು ಮೀನು ಕಾವೇರಿಗೆ ಹೋಗಿದೆ. ಈಜಿ ಹೋದದ್ದಲ್ಲ, ಮನುಷ್ಯರು ಒಯ್ದು ಬಿಟ್ಟದ್ದು.

ಅದರ ಶಾಸ್ತ್ರೀಯ ಹೆಸರು ಟಾರ್ ಖುದ್ರೀ. ನೀಲಿ ರೆಕ್ಕೆಯ ಮಹಶೀರ್ ಎಂದು ಗಾಳದವರು ಕರೆಯುತ್ತಾರೆ. ದಖ್ಖನಿನ ಮೀನುಗಳನ್ನು ಪಟ್ಟಿ ಮಾಡಿದ ಮುಂಬಯಿ ಸೈನ್ಯದ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ 1839ರಲ್ಲಿ ಇದನ್ನು ವರ್ಣಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. ಮುಳಾ-ಮುಠಾ ಭೀಮೆಗೆ, ಭೀಮೆ ಕೃಷ್ಣೆಗೆ. ಹಾಗಾಗಿ ಇದು ನಮ್ಮ ಬಳಗದ ಮೀನೇ.

ಇದು ಕಾವೇರಿಗೆ ಹೋದ ಕಾರಣ ತಿಳಿಯಬೇಕಾದರೆ ಇಂಗ್ಲಿಷರ ಒಂದು ಹುಚ್ಚಿನಿಂದ ಶುರು ಮಾಡಬೇಕು. ಅವರ ನಾಡಿನ ಹೊಳೆಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು. ಗರಿ, ದಾರ ಸುತ್ತಿ ಮಾಡಿದ ಹುಸಿ ಹುಳವನ್ನು ನೀರ ಮೇಲೆ ಎಸೆದು ಅದನ್ನು ಹಿಡಿಯುವುದು ದೊಡ್ಡವರ ವಿನೋದ. ಹಿಡಿಯುವವರು ಹೆಚ್ಚಾದಲ್ಲಿ ಮೀನು ಕಡಿಮೆಯಾಗುತ್ತದೆ. ಆಗ ಕ್ಲಬ್ಬಿನವರು ಮರಿ ತಂದು ಹೊಳೆಗೆ ಸುರಿಯುತ್ತಾರೆ. ನೀಲಗಿರಿಗೂ ಅವರು ಈ ಪದ್ಧತಿಯನ್ನು ತಂದರು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಯತ್ನ ಕೈಗೂಡಲಿಲ್ಲ; 20ನೇ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡಿಸಿ ಗೆದ್ದರು. ಬಯಲು ನಾಡಿನ ಬೆಚ್ಚನೆ ನೀರಿನಲ್ಲಿ ಟ್ರೌಟ್ ಬದುಕುವುದಿಲ್ಲ. ಅಲ್ಲಿ ಅವರಿಗೆ ಸಿಕ್ಕ ಸಮಾಧಾನ ಮಹಶೀರ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ 'ದ ರಾಡ್ ಇನ್ ಇಂಡಿಯಾ' ಈ ಗೀಳಿನ ವೇದಪುಸ್ತಕವಾಯಿತು. ಕಾವೇರಿಯಲ್ಲಿ ಮಾತ್ರ ಗರಿಯ ಹುಳಕ್ಕಿಂತ ಹೆಚ್ಚು ನಡೆದದ್ದು ರಾಗಿ ಮುದ್ದೆ. ಸೊಗಸಾದ ವಿಲಾಯತಿ ಗಾಳಕ್ಕೆ ನಮ್ಮ ಮುದ್ದೆ!

ಆ ಮುದ್ದೆಗೆ ಬಾಯಿ ಹಾಕುತ್ತಿದ್ದದ್ದು ಬೇರೆಯೇ ಒಂದು ಮಹಶೀರ್. ಗೂನು ಬೆನ್ನು, ಕಿತ್ತಳೆ ಛಾಯೆಯ ರೆಕ್ಕೆ, ನಂಬಲಾಗದ ಗಾತ್ರ. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ 1946ರಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಹೆಚ್ಚುಕಡಿಮೆ ಒಂದು ಆಳಿನ ತೂಕ.

ಸ್ವಾತಂತ್ರ್ಯದ ನಂತರ ಕಾವೇರಿಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವ ದಂಧೆ ಬೆಳೆಯಿತು. ಮಡುವಿಗೊಂದು ಎಸೆದರೆ ತಾಯಿ, ಮರಿ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಹಿಡಿದದ್ದನ್ನು ತೂಗಿ, ಬರೆದುಕೊಂಡು, ಜೀವಂತ ನೀರಿಗೆ ಬಿಡುವ ನಿಯಮ ಬಂತು. ಕೊಡಗಿನ ವನ್ಯಜೀವಿ ಸಂಘವೂ ವಾಲ್ನೂರಿನ ಕಡೆ ಇಂಥದೇ ಕೆಲಸ ಮಾಡಿತು. ಇವರಿಲ್ಲದಿದ್ದರೆ ಆ ಮಡುಗಳಲ್ಲಿ ಏನು ಉಳಿಯುತ್ತಿತ್ತೋ!

ಕಾವಲಿನ ಜೊತೆ ಮರಿಯೂ ಬೇಕೆನಿಸಿತು. ಮರಿ ಸಿಗುತ್ತಿದ್ದದ್ದು ಲೋನಾವಳದಲ್ಲಿ. ಸಹ್ಯಾದ್ರಿಯಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದ್ದ ಟಾಟಾ ಕಂಪನಿ (ಮುಳಶಿಯ ರೈತರು ಸೇನಾಪತಿ ಬಾಪಟರ ಜೊತೆ ಸತ್ಯಾಗ್ರಹ ಹೂಡಿದ್ದು ಅದರದೇ ಅಣೆಕಟ್ಟಿನ ವಿರುದ್ಧ) 1970ರ ದಶಕದಿಂದ ಅಲ್ಲಿ ಮಹಶೀರ್ ಮರಿ ಮಾಡಿಸುತ್ತಿತ್ತು. ಬಲಿತ ಹೆಣ್ಣಿನ ಹೊಟ್ಟೆ ನೀವಿ ಮೊಟ್ಟೆ ತೆಗೆದು, ಗಂಡಿನ ವೀರ್ಯ ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಮರಿ ಮಾಡುವ ನಾಜೂಕಿನ ಕೆಲಸ. ಆದರೆ ಆ ಮರಿಗಳು ಖುದ್ರೀ. ಮಹಶೀರ್ ಎಂದರೆ ಮಹಶೀರ್, ಯಾವುದಾದರೇನು ಎಂಬ ಭಾವನೆಯಲ್ಲಿ ಅವನ್ನು ಕಾವೇರಿಗೆ ಬಿಟ್ಟರು. ಸರ್ಕಾರವೂ ಬಿಟ್ಟಿತು, ಸಂಘಗಳೂ ಬಿಟ್ಟವು.

ಮುಂದೆ ಏನಾಯಿತೆಂದು ಹೇಳಿದ್ದು ಆ ಗಾಳದವರ ಪುಸ್ತಕವೇ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ 1998ರಿಂದ 2012ರವರೆಗಿನ ದಾಖಲೆ ಕೂಡಿಸಿದರು. 23,620 ಗಂಟೆಗಳ ಗಾಳಕ್ಕೆ 6,161 ಮೀನು. ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರುತ್ತಿತ್ತು, ಸರಾಸರಿ ತೂಕ ಇಳಿಯುತ್ತಿತ್ತು. ಮೇಲುನೋಟಕ್ಕೆ ಸಂಭ್ರಮದ ಸುದ್ದಿ: ಹೊಳೆ ಮರಿಗಳಿಂದ ತುಂಬುತ್ತಿದೆ! ಬಣ್ಣ ನೋಡಿ ಬೇರ್ಪಡಿಸಿದಾಗ ಕಥೆ ಬದಲಾಯಿತು. ಏರಿದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನದು ಅಪರೂಪವಾಗುತ್ತ ಹೋಗಿತ್ತು.

ಇನ್ನೂ ವಿಚಿತ್ರವೆಂದರೆ, ಕಣ್ಮರೆಯಾಗುತ್ತಿದ್ದ ಮೀನಿಗೆ ಸರಿಯಾದ ಹೆಸರೇ ಇರಲಿಲ್ಲ. 1940ರ ದಶಕದಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ ಅದಕ್ಕೆ 'ಮುಸುಲ್ಲಾ' ಎಂಬ ಹೆಸರು ಹಚ್ಚಿದ್ದರು. ಅದೂ ಸೈಕ್ಸ್ ಕೊಟ್ಟ ಹೆಸರು, ಭೀಮೆಯ ಉಪನದಿ ಘೋಡದಲ್ಲಿ ಸಿಕ್ಕ ಬೇರೊಂದು ಮೀನಿನದು. ಕೃಷ್ಣಾ ಕೊಳ್ಳದಿಂದ ಮೊದಲು ಹೆಸರು ಹೋಯಿತು, ಆಮೇಲೆ ಮರಿ ಹೋಯಿತು! ಹೆಸರಿಲ್ಲದ ಜೀವಿಯನ್ನು ಅಪಾಯದ ಪಟ್ಟಿಗೆ ಸೇರಿಸುವುದು ಹೇಗೆ? 2018ರಲ್ಲಿ ಮೋಯಾರ್ ಹೊಳೆಯ ಮಾದರಿಗಳನ್ನು ಪರೀಕ್ಷಿಸಿ, ಇದು ಕೇರಳದ ಪಾಂಬಾರಿನಿಂದ ವರ್ಣಿಸಲಾಗಿದ್ದ ಟಾರ್ ರೆಮಾದೇವಿಯೇ ಎಂದು ತೀರ್ಮಾನಿಸಿದರು. ಪಾಂಬಾರೂ ಕಾವೇರಿಗೆ ಸೇರುವ ನೀರೇ. ಹೆಸರು ಸಿಕ್ಕಿದ್ದೇ ತಡ, ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿತು.

ಅಣೆಕಟ್ಟು, ಮರಳು, ಸಿಡಿಮದ್ದು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಖುದ್ರೀ ಒಂದನ್ನೇ ದೂರುವುದು ನ್ಯಾಯವಲ್ಲ. ಆದರೆ ಸಿಡಿಮದ್ದಿನವನನ್ನು ಹಿಡಿಯಬಹುದು. ಉಪಕಾರವೆಂದು ಸುರಿದ ಮರಿಯನ್ನು ವಾಪಸು ಹಿಡಿಯುವುದು ಯಾರಿಂದಲೂ ಆಗದು. 2012ರ ಸುಮಾರಿಗೆ ಅಭಯಾರಣ್ಯದೊಳಗಿನ ಗಾಳಕ್ಕೆ ತಡೆ ಬಿತ್ತು, ಪುಸ್ತಕವೂ ನಿಂತಿತು. ನನ್ನ ಮಟ್ಟಿಗೆ ಇದೂ ಒಂದು ನಷ್ಟ. ಗೂನು ಬೆನ್ನಿನ ಮೀನು ಕಡಿಮೆಯಾದದ್ದಕ್ಕೆ ಲಿಖಿತ ಸಾಕ್ಷಿ ಆ ಪುಸ್ತಕದಲ್ಲೇ ಇತ್ತು.

ನಮ್ಮ ಕಡೆಯೂ ಬಿತ್ತನೆ ನಡೆಯುತ್ತದೆ. ಕೃಷ್ಣಾ ಕೊಳ್ಳದ ಕೆರೆ, ಜಲಾಶಯಗಳಿಗೆ ಬೀಳುವುದು ಹೆಚ್ಚಾಗಿ ಕಟ್ಲಾ, ರೋಹು, ಮೃಗಾಲ. ಮೂರೂ ಗಂಗೆಯ ಕಡೆಯವು. ಅವುಗಳಿಂದ ಎಷ್ಟೋ ಮನೆಯ ಒಲೆ ಉರಿಯುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಕಾವೇರಿಯ ಗಾಳದವರು ಇಟ್ಟಂಥ ಪುಸ್ತಕವನ್ನು ನಮ್ಮ ಬಲೆಯವರ ಹತ್ತಿರ ನಾನು ಕಂಡಿಲ್ಲ. ಸಂತೆಯಲ್ಲಿ ತಕ್ಕಡಿ ಹಿಡಿದವರು ಕಟ್ಲಾ, ರೋಹು ಎಂದು ಹೆಸರು ಹಿಡಿದು ಕೂಗುತ್ತಾರೆ. ಬುಟ್ಟಿಯಲ್ಲಿ ಉಳಿದ ಬಗೆಬಗೆಯ ಸಣ್ಣ ಮೀನು ಯಾವುದೆಂದು ಕೇಳಿದರೆ, 'ಹೊಳಿ ಮೀನರೀ' ಅನ್ನುತ್ತಾರೆ.